ಬ್ರೇಕ್ ತುಳಿದರೆ ಆರುವ ಕೆಂಪು ದೀಪ

ಪ್ರಶ್ನೆ: ನನ್ನದು 1998ರ ಮಾರುತಿ 800. ಹಿಂದಿನ ಟೈಲ್ ಲೈಟ್‌ಗಳು ಬಣ್ಣಗೆಟ್ಟು ಬಿರುಕು ಬಿಟ್ಟಿದ್ದರಿಂದ ಬಿಳಿ ಗ್ಲಾಸಿನ ಹೊಸ ಬಗೆಯ ಜೋಡಿ ತಂದು ಮನೆಯಲ್ಲೇ ಕೂರಿಸಿದೆ. ಇಂಡಿಕೇಟರ್‌ಗಳಿಗೆ ಮಾತ್ರ ಎಲ್‌ಇಡಿ ಬಲ್ಬ್ ಹಾಕಿದ್ದೇನೆ. ಈಗ ಇಂಡಿಕೇಟರ್ ಪಟಪಟನೆ ಬಡಿದುಕೊಳ್ಳುತ್ತದೆ. ರಾತ್ರಿ ಬ್ರೇಕ್ ತುಳಿದರೆ ಎಡಗಡೆಯ ಕೆಂಪು ದೀಪ ಹೆಚ್ಚುವ ಬದಲು ಆರಿಯೇ ಹೋಗುತ್ತದೆ. ಮಳೆ ಬಂದರೆ ಒಳಗೆ ನೀರು ನಿಲ್ಲುತ್ತದೆ. ಹೊಸ ಲೈಟ್‌ಗಳನ್ನು ಅಂಗಡಿಗೆ ವಾಪಸ್ ಕೊಡಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ವಾಪಸ್ ಕೊಡುವ ಮಾತು ಆಮೇಲೆ. ಎಡಗಡೆಯ ದೀಪ ಸರಿಯಾಗುವ ತನಕ ದಯವಿಟ್ಟು ರಾತ್ರಿ ಕಾರು ತೆಗೆಯಬೇಡಿ. ತೀರ್ಥಹಳ್ಳಿಯವರು ನೀವು, ಉಡುಪಿಗೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯುತ್ತೀರಿ. ಅಲ್ಲಿನ 14 ತಿರುವುಗಳಲ್ಲಿ, ಜುಲೈ ತಿಂಗಳ ಮಂಜಿನಲ್ಲಿ, ಹಿಂದೆ ಬರುವ ಬಸ್ಸಿನ ಚಾಲಕರಿಗೆ ನಿಮ್ಮ ಕಾರು ಎಂದರೆ ಎರಡು ಕೆಂಪು ಚುಕ್ಕೆಗಳಷ್ಟೇ. ನೀವು ಬ್ರೇಕ್ ತುಳಿದ ಹೊತ್ತಿಗೇ ಅವುಗಳಲ್ಲಿ ಒಂದು ಆರಿದರೆ ಅವರು ಏನೆಂದು ತಿಳಿಯಬೇಕು?

ನೀವು ಬರೆದದ್ದನ್ನು ಓದಿದರೆ ಎಡಗಡೆ ಅರ್ತ್ ಇಲ್ಲವೆಂದು ತೋರುತ್ತದೆ. ಆ ಒಂದೇ ಬಲ್ಬಿನೊಳಗೆ ಎರಡು ತಂತಿಗಳಿವೆ. 5 ವ್ಯಾಟಿನದು ಪಾರ್ಕಿಂಗ್‌ಗೆ, 21 ವ್ಯಾಟಿನದು ಬ್ರೇಕ್‌ಗೆ. ಎರಡಕ್ಕೂ ಬ್ಯಾಟರಿಗೆ ಮರಳುವ ದಾರಿ ಒಂದೇ, ಹೋಲ್ಡರಿನಿಂದ ಕಾರಿನ ಮೈಯ ತಗಡಿಗೆ ಹೋಗುವ ಅರ್ತ್ ವೈರು. ಅದು ಕೂಡಿಲ್ಲದಿದ್ದರೆ ಪಾರ್ಕಿಂಗ್‌ನ ಕರೆಂಟು ಪಕ್ಕದ ಬ್ರೇಕಿನ ತಂತಿ ಹಿಡಿದು, ಬಲಗಡೆಯ ಬ್ರೇಕ್ ಬಲ್ಬನ್ನು ಹಾದು ಅಲ್ಲಿನ ಅರ್ತ್ ಸೇರುತ್ತದೆ. ದೀಪ ಉರಿಯುತ್ತದೆ, ನೋಡಿದವರು ಸರಿಯಿದೆ ಎಂದುಕೊಳ್ಳುತ್ತಾರೆ. ಬ್ರೇಕ್ ತುಳಿದೊಡನೆ ಈ ದಾರಿಯ ಎರಡೂ ತುದಿಗೆ 12 ವೋಲ್ಟ್ ಬಂದು ನಿಲ್ಲುತ್ತದೆ. ಕಟ್ಟೆಯ ಎರಡೂ ಬದಿಗೆ ನೀರು ಸಮನಾಗಿ ನಿಂತರೆ ತೂಬು ತೆಗೆದರೂ ಹರಿಯುವುದಿಲ್ಲವಲ್ಲ, ಹಾಗೆ. ಹಗಲಿನಲ್ಲಿ ಲೈಟ್ ಹಾಕದೆ ಯಾರಿಂದಲಾದರೂ ಬ್ರೇಕ್ ತುಳಿಸಿ ನೋಡಿ. ಎಡಗಡೆ ಪಾರ್ಕಿಂಗ್‌ನಷ್ಟೇ ಮಂಕಾಗಿ ಉರಿದರೆ ಅನುಮಾನವೇ ಬೇಡ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣವಿದೆ. ಇಪ್ಪತ್ತು ವರ್ಷಗಳ ಹಿಂದೆ ಶಿವಮೊಗ್ಗದ ನನ್ನ ಗ್ಯಾರೇಜಿನಲ್ಲಿ ಕೊಪ್ಪದ ಮೇಷ್ಟ್ರೊಬ್ಬರ ಕಾರಿಗೆ ಟೈಲ್ ಲೈಟ್ ಕೂರಿಸಿದ್ದೆ. ಕತ್ತಲಾಗುತ್ತಿತ್ತು, ಪೇಂಟಿನ ಮೇಲೆಯೇ ಅರ್ತ್ ಸ್ಕ್ರೂ ಬಿಗಿದೆ. ಲೈಟ್ ಹಾಕಿ ನೋಡಿದಾಗ ಎಲ್ಲವೂ ಉರಿಯಿತು. ಮೂರು ವಾರಕ್ಕೆ ಅದೇ ಕಾರು ಹಿಂದಿನಿಂದ ಗುದ್ದಿಸಿಕೊಂಡು, ಡಿಕ್ಕಿ ಕುಸಿದು ಬಂತು. ಹಿಂದಿನ ಸೀಟಿನಲ್ಲಿ ಅವರ ಮಗಳಿದ್ದಳು, ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಮೇಷ್ಟ್ರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಸ್ಕ್ರೂ ಬಿಚ್ಚಿದಾಗ ಅಡಿಯಲ್ಲಿ ಕರೆಂಟು ಬಿಡದ ಪೇಂಟ್ ಹೊಸದರಂತೆ ಹೊಳೆಯುತ್ತಿತ್ತು. ಅಂದಿನಿಂದ ಕೆರೆಯದೆ ಒಂದು ಅರ್ತ್ ಕೂಡ ನಾನು ಕೂರಿಸಿಲ್ಲ.

ಆದ್ದರಿಂದ ನೀವು ಮಾಡಬೇಕಾದದ್ದು: ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಅರ್ತ್ ಸ್ಕ್ರೂ ತೆಗೆದು, ಅಡಿಯ ತಗಡು ಬೆಳ್ಳಗೆ ಕಾಣುವ ತನಕ ಎಮರಿ ಕಾಗದದಿಂದ ಉಜ್ಜಿ. ವೈರನ್ನು ಬೆರಳಿನಲ್ಲಿ ಸುತ್ತಿ ಕಟ್ಟದೆ, ತುದಿಗೆ ಥಿಂಬಲ್ (ಸ್ಕ್ರೂ ತೂರುವ ಲೋಹದ ಬಳೆ) ಹಾಕಿ ಬಿಗಿಯಿರಿ, ಮೇಲೆ ತೆಳುವಾಗಿ ಗ್ರೀಸ್ ಸವರಿ. ಎಡದ ಅರ್ತಿನಿಂದ ಬಲದ ಅರ್ತಿಗೆ ಇನ್ನೊಂದು ವೈರ್ ಎಳೆದರೆ ಮತ್ತೂ ಒಳ್ಳೆಯದು. ಸುತ್ತಿ ಟೇಪ್ ಹಚ್ಚಿದ ಜಾಯಿಂಟ್ ನಮ್ಮ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿಸಿ.

ಇಂಡಿಕೇಟರಿನದು ದೋಷವಲ್ಲ. ಇಂಡಿಕೇಟರನ್ನು ಮಿಟುಕಿಸುವ ಹಳೆಯ ಫ್ಲಾಷರ್ 21 ವ್ಯಾಟಿನ ಬಲ್ಬುಗಳ ಲೆಕ್ಕಕ್ಕೆ ಮಾಡಿದ್ದು. ಎಲ್‌ಇಡಿ ಎಳೆಯುವ ಕರೆಂಟು ಬಹಳ ಕಡಿಮೆಯಾದ್ದರಿಂದ ಬಲ್ಬ್ ಸುಟ್ಟಿದೆ ಎಂದು ಅದು ವೇಗ ಹೆಚ್ಚಿಸಿಕೊಳ್ಳುತ್ತದೆ. ಕೆಲವರು 6 ಓಮ್ ರೆಸಿಸ್ಟರ್ ಕೂರಿಸಿಕೊಡುತ್ತಾರೆ. ಅದು ಉರಿಯುವಾಗಲೆಲ್ಲ 24 ವ್ಯಾಟ್ ಶಾಖ ಬಿಡುತ್ತದೆ, ಪ್ಲಾಸ್ಟಿಕ್ಕಿಗೆ ತಾಗಿದರೆ ಕರಗಿಸುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಎಲ್‌ಇಡಿಗೆ ಹೊಂದುವ ಫ್ಲಾಷರ್ ಹಾಕಿಸಿ, ಇಲ್ಲವೇ ಹಳದಿ ಬಣ್ಣದ ಮಾಮೂಲಿ 21 ವ್ಯಾಟ್ ಬಲ್ಬಿಗೇ ಮರಳಿ.

ನೀರಿಗೆ ಹಿಂಬದಿಯ ರಬ್ಬರ್ ಬೀಡಿಂಗ್ ಬದಲಿಸಿ. ಲೈಟಿನ ಅಡಿಯಲ್ಲಿ ಸಣ್ಣ ತೂತಿದ್ದರೆ ಸಿಲಿಕೋನ್ ತುಂಬಿ ಮುಚ್ಚಬೇಡಿ, ಒಳಗಿನ ಆವಿ ಹೊರಹೋಗುವ ದಾರಿ ಅದು.

ಈಗ ವಾಪಸ್ ಕೊಡುವ ವಿಷಯ. ಕತ್ತಲಲ್ಲಿ ಎಲ್ಲ ಲೈಟ್ ಆರಿಸಿ, ಮೂವತ್ತು ಹೆಜ್ಜೆ ಹಿಂದೆ ನಿಂತು, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಕಾರಿನ ಹಿಂಭಾಗಕ್ಕೆ ಬೆಳಕು ಬಿಡಿ. ಕೆಂಪು ರಿಫ್ಲೆಕ್ಟರ್ ಮಿನುಗಬೇಕು. ಬ್ಯಾಟರಿ ಸತ್ತು ಕಾರು ರಸ್ತೆ ಬದಿಗೆ ನಿಂತ ರಾತ್ರಿ ನಿಮ್ಮನ್ನು ಕಾಯುವುದು ಅದೊಂದೇ. ಬಿಳಿ ಗ್ಲಾಸಿನ ಕೆಲವು ಲೈಟ್‌ಗಳಲ್ಲಿ ಅದನ್ನು ಇಟ್ಟೇ ಇರುವುದಿಲ್ಲ. ನಿಮ್ಮದರಲ್ಲಿ ಮಿನುಗದಿದ್ದರೆ, ಬಂಪರಿನಲ್ಲೂ ಬೇರೆ ರಿಫ್ಲೆಕ್ಟರ್ ಇಲ್ಲದಿದ್ದರೆ, ನಾಳೆಯೇ ವಾಪಸ್ ಕೊಟ್ಟು ಕೆಂಪು ಗ್ಲಾಸಿನ ಜೋಡಿ ತನ್ನಿ.