ತಾಮ್ರದ ತಂತಿ ಓಲೆ: ಕಿವಿ ಹಸಿರಾದರೆ ಏನು ಮಾಡೋದು?

ಮೋಟರ್ ವೈಂಡಿಂಗ್ ತಂತಿಯಲ್ಲಿ ಓಲೆ ಮಾಡಿದೆ, ಕೊಕ್ಕೆ ಚುಚ್ಚುತ್ತೆ, ಕಿವಿ ಹಸಿರಾಗುತ್ತೆ ಅಂತ ಕೇಳಿದ್ದೀರಿ ಅಲ್ವಾ? ಹಸಿರಾಗೋದು ತಾಮ್ರಕ್ಕೆ ಬೆವರು ತಾಕಿದಾಗ. ನಮ್ಮ ಕಲಬುರಗಿಯ ಮೇ ಬಿಸಿಲಲ್ಲಿ ಕೇಳಬೇಕೇ! ಸೋಪು ಹಾಕಿ ತೊಳೆದರೆ ಹೋಗುತ್ತದೆ. ಆದರೆ ವೈಂಡಿಂಗ್ ತಂತಿಗೆ ಮೇಲೆ ವಾರ್ನಿಶ್ ಪದರ ಇರುತ್ತದೆ, ಅದನ್ನು ಕಿವಿಯ ತೂತಿಗೆ ಹಾಕಲೇಬೇಡಿ.

ಕೆಳಗಿನ ಡಿಸೈನ್ ತಾಮ್ರದ್ದೇ ಇರಲಿ, ಕೊಕ್ಕೆ ಮಾತ್ರ ಬೆಳ್ಳಿಯದು ಮಾಡಿ. ಸರಾಫ್ ಅಂಗಡಿಯಲ್ಲಿ 20 ಗೇಜ್, ಅಂದರೆ 0.8 ಮಿ.ಮೀ. ತಂತಿ ಕೇಳಿ. ಜೋಡಿಗೆ 10 ಸೆಂ.ಮೀ. ಸಾಕು, ತೂಕ ಅರ್ಧ ಗ್ರಾಂ ಆಸುಪಾಸು. ಅಷ್ಟಕ್ಕೆ ಅಂಗಡಿಯವರು ಮುಖ ನೋಡ್ತಾರೆ, ನೋಡಲಿ ಬಿಡಿ.

ತಂತಿಯನ್ನು ಎರಡು ಸಮ ತುಂಡು ಮಾಡಿ, ಎರಡನ್ನೂ ಒಟ್ಟಿಗೆ ಹಿಡಿದು ಪೆನ್ನಿನ ಮೇಲೆ ಬಗ್ಗಿಸಿ, ಬಾಗು ಒಂದೇ ಥರ ಬರುತ್ತದೆ. ನಾನು ಮೊದಮೊದಲು ಬೇರೆ ಬೇರೆ ಬಗ್ಗಿಸಿ, ಒಂದು ಓಲೆ ಭುಜಕ್ಕೆ, ಇನ್ನೊಂದು ಕೆನ್ನೆಗೆ ತಾಗೋದು! ಚುಚ್ಚೋದು ಕತ್ತರಿಸಿದ ತುದಿ. ಇಕ್ಕಳ ಒಂದು ಬದಿ ಚೂಪು ಬಿಡುತ್ತದೆ. ನುಣ್ಣನೆ ಪಾಲಿಶ್ ಪೇಪರಿನಲ್ಲಿ ತುದಿಯನ್ನು ತಿರುಗಿಸುತ್ತಾ ಉಜ್ಜಿ, ಕೆಳತುಟಿಗೆ ಎಳೆದು ನೋಡಿ. ತರಚಿದರೆ ಇನ್ನಷ್ಟು ಉಜ್ಜಿ. ಕೊನೆಗೆ ಬಾಗಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಹಾಕಿ, ಬೆಳ್ಳಿ ಗಟ್ಟಿಯಾಗುತ್ತದೆ.