45ಕ್ಕೆ 19 ಬಂದರೆ ಮನಸ್ಸು ಗಟ್ಟಿ ಇಲ್ಲ ಅಂತಲೇ?

ಪ್ರಶ್ನೆ: ನನಗೆ 38 ವರ್ಷ. ಖಾಸಗಿ ಕಂಪನಿಯೊಂದರ ಅಕೌಂಟ್ಸ್‌ನಲ್ಲಿದ್ದೇನೆ. ಈ ವರ್ಷ ಎರಡು ವಿಭಾಗ ಸೇರಿಸಿ ಒಂದು ಮಾಡಿದ್ದರಿಂದ ಕೆಲಸ ಜಾಸ್ತಿಯಾಗಿದೆ. ಮನೆಯಲ್ಲಿ ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೋದ ತಿಂಗಳು ಎಚ್‌ಆರ್‌ನವರು ಮನೋದಾರ್ಢ್ಯ ಅಳೆಯುತ್ತೇವೆ ಅಂತ 15 ಪ್ರಶ್ನೆಗಳ ಫಾರ್ಮ್ ತುಂಬಿಸಿಕೊಂಡರು. ನನಗೆ 45ಕ್ಕೆ 19 ಬಂತು. ಪಕ್ಕದ ಸೀಟಿನವರಿಗೆ 36. ಆವತ್ತಿನಿಂದ ನಾನೇ ದುರ್ಬಲಳು ಅನ್ನಿಸುತ್ತಿದೆ. ಈ ಅಂಕವನ್ನು ಎಷ್ಟು ನಂಬಬೇಕು?
– ಹೆಸರು ಬೇಡ, ದಾವಣಗೆರೆ

ಉತ್ತರ: ಆ ಫಾರ್ಮ್‌ನಲ್ಲಿ ಡಯಾಲಿಸಿಸ್ ಬಗ್ಗೆ ಒಂದು ಪ್ರಶ್ನೆಯಾದರೂ ಇತ್ತಾ? ಇರಲಿಕ್ಕಿಲ್ಲ. ನೀವು ಎಷ್ಟು ಹೊರೆ ಹೊತ್ತಿದ್ದೀರಿ ಅಂತ ಅದು ಕೇಳುವುದೇ ಇಲ್ಲ. ಹಾಗಾಗಿ ನಿಮ್ಮ 19ನ್ನು ಪಕ್ಕದವರ 36ರ ಜೊತೆ ಹೋಲಿಸಿ ಕೊರಗಬೇಡಿ.

ಮನೋದಾರ್ಢ್ಯದ ಮಾತು ಶುರುವಾಗಿದ್ದು ಅಮೆರಿಕದಲ್ಲಿ. 1979ರಲ್ಲಿ ಸುಝಾನ್ ಕೊಬಾಸಾ ಎಂಬ ಮನಶ್ಶಾಸ್ತ್ರಜ್ಞೆ ಕಂಪನಿ ಅಧಿಕಾರಿಗಳ ಮೇಲೆ ಅಧ್ಯಯನ ಪ್ರಕಟಿಸಿದರು. ಅವರು ಮೊದಲು ಅಳೆದದ್ದು ಒತ್ತಡವನ್ನು. ತುಂಬಾ ಒತ್ತಡ ಇದ್ದವರನ್ನು ಆರಿಸಿಕೊಂಡು, ಅವರಲ್ಲಿ ಕಾಯಿಲೆ ಬಿದ್ದವರು ಯಾರು, ಬೀಳದವರು ಯಾರು ಅಂತ ನೋಡಿದರು. ಕಾಯಿಲೆ ಬೀಳದವರಲ್ಲಿ ಮೂರು ಗುಣ ಕಂಡವು. ಮಾಡುವ ಕೆಲಸದಲ್ಲಿ ಮನಸ್ಸಿಟ್ಟು ತೊಡಗುವುದು, ನನ್ನ ಕೈಲೂ ಏನೋ ಆಗುತ್ತದೆ ಅನ್ನುವ ನಂಬಿಕೆ, ಬದಲಾವಣೆಯನ್ನು ಸವಾಲಾಗಿ ನೋಡುವುದು. ಅಂದರೆ ಹೊರೆ ಎಷ್ಟು ಅಂತ ಗೊತ್ತಾದ ಮೇಲೇ ಗಟ್ಟಿತನದ ಲೆಕ್ಕ. ನಿಮ್ಮ ಆಫೀಸಿನವರು ಆ ಮೊದಲ ಹೆಜ್ಜೆಯನ್ನೇ ಬಿಟ್ಟಿದ್ದಾರೆ. ಇನ್ನೊಂದು ವಿಷಯ, ಕೊಬಾಸಾ ನೋಡಿದ ಅಧಿಕಾರಿಗಳೆಲ್ಲ ಗಂಡಸರು.

ನಿಮಗೆ ಕೊಟ್ಟಿದ್ದು ಮನಶ್ಶಾಸ್ತ್ರಜ್ಞ ಪಾಲ್ ಬಾರ್ಟೋನ್ ಅವರ 15 ಪ್ರಶ್ನೆಗಳ ಮಾಪನ ಇರಬೇಕು. ಒಂದೊಂದು ಗುಣಕ್ಕೆ ಐದು ಪ್ರಶ್ನೆ, ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ. ಕೆಲವು ಪ್ರಶ್ನೆಗಳನ್ನು ತಿರುಗಿಸಿ ಕೇಳಿರುತ್ತಾರೆ. ‘ದಿನಚರಿ ಬದಲಾದರೆ ನನಗೆ ಹಿಡಿಸುವುದಿಲ್ಲ’ ಅನ್ನುವ ಥರದ ವಾಕ್ಯಕ್ಕೆ ‘ಪೂರ್ತಿ ನಿಜ’ ಅಂದರೆ ಸೊನ್ನೆ. ಡಯಾಲಿಸಿಸ್ ದಿನ ತಪ್ಪಬಾರದು ಅಂತ ಇಡೀ ವಾರವನ್ನು ಹೊಂದಿಸಿಕೊಂಡಿರುವ ನೀವು ಇದಕ್ಕೆ ಇನ್ನೇನು ಹೇಳಲು ಸಾಧ್ಯ? ಅದು ಪರಿಸ್ಥಿತಿ, ದೌರ್ಬಲ್ಯ ಅಲ್ಲ. ಇಂಥ ಪ್ರಶ್ನೆಗಳು ಗಟ್ಟಿತನಕ್ಕಿಂತ ಆತಂಕ, ಬೇಸರವನ್ನೇ ಅಳೆಯುತ್ತವೆ ಅಂತ 1980ರ ದಶಕದಲ್ಲೇ ಸಂಶೋಧಕರು ತಕರಾರು ಎತ್ತಿದ್ದರು. ಆ ತಕರಾರಿನಲ್ಲಿ ಹುರುಳಿದೆ ಅಂತಲೇ ನನ್ನ ಅಭಿಪ್ರಾಯ.

ಹಾಗಂತ ಮಾಪನಗಳೆಲ್ಲ ದಂಡ ಅಲ್ಲ. ಗುಂಪಿನ ಸರಾಸರಿ ತಿಳಿಯಲು, ತರಬೇತಿಗೆ ಮೊದಲು ಮತ್ತು ಆಮೇಲೆ ಹೋಲಿಸಲು ಉಪಯೋಗಕ್ಕೆ ಬರುತ್ತವೆ. ಆದರೆ ಕೆಲಸ ಹೆಚ್ಚಿಸಿ, ಆಮೇಲೆ ನೌಕರರ ಮನಸ್ಸು ಗಟ್ಟಿ ಇದೆಯಾ ಅಂತ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಈ ಅಂಕ ಯಾರ ಕೈ ಸೇರುತ್ತದೆ, ಬಡ್ತಿಗೆ ಇದನ್ನು ನೋಡುತ್ತಾರಾ ಅಂತ ಎಚ್‌ಆರ್‌ನವರನ್ನು ಮೇಲ್‌ನಲ್ಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ನಿಮ್ಮ ವಿಷಯದಲ್ಲಿ ಅಂಕಕ್ಕಿಂತ ಮುಖ್ಯವಾದದ್ದು, ಕಷ್ಟ ಬಂದಾಗ ನೀವು ಏನು ಮಾಡುತ್ತೀರಿ ಅನ್ನುವುದು. ಅದನ್ನು ನೋಡಲು ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಕಾರ್ವರ್ 1997ರಲ್ಲಿ 28 ಪ್ರಶ್ನೆಗಳ ಪಟ್ಟಿ ಮಾಡಿದರು. ಅದರಲ್ಲಿ ಪಾಸು-ಫೇಲು ಇಲ್ಲ, ಒಟ್ಟು ಅಂಕವೂ ಇಲ್ಲ. ಯೋಜನೆ ಹಾಕುವುದು, ನೆರವು ಕೇಳುವುದು, ಇದ್ದದ್ದನ್ನು ಒಪ್ಪಿಕೊಳ್ಳುವುದು, ಹೀಗೆ 14 ದಾರಿಗಳನ್ನು ಬೇರೆ ಬೇರೆಯಾಗಿ ನೋಡುತ್ತಾರೆ. ‘ತಪ್ಪು ನನ್ನದೇ’ ಅಂತ ತನ್ನನ್ನೇ ದೂಷಿಸಿಕೊಳ್ಳುವುದೂ ಅದರಲ್ಲೊಂದು. ನೀವು ಸದ್ಯ ಹಿಡಿದಿರುವುದು ಆ ದಾರಿಯನ್ನೇ. ದಯವಿಟ್ಟು ಅದನ್ನು ಬಿಡಿ.

ಅತ್ತೆಯ ಕಾಯಿಲೆ ನಿಮ್ಮ ಕೈಯಲ್ಲಿಲ್ಲ. ಆದರೆ ಮೂರು ಸಲವೂ ನೀವೇ ಕರೆದುಕೊಂಡು ಹೋಗಬೇಕಾ? ಒಂದು ದಿನ ಗಂಡ, ಇನ್ನೊಂದು ದಿನ ನಾದಿನಿಯೋ ಮೈದುನನೋ ಹೋಗಬಹುದು ಅಲ್ವಾ? ಡಯಾಲಿಸಿಸ್ ದಿನಗಳಲ್ಲಿ ತಿಂಗಳ ಕೊನೆಯ ಲೆಕ್ಕ ಮುಗಿಸುವ ಕೆಲಸವನ್ನು ಬೇರೆಯವರಿಗೆ ಕೊಡಿ ಅಂತ ಮ್ಯಾನೇಜರ್ ಹತ್ತಿರ ಮಾತಾಡಿ. ಒಂದಾದರೂ ಈಡೇರಿದರೆ ‘ನನ್ನ ಕೈಲೂ ಆಗುತ್ತದೆ’ ಅನ್ನುವ ನಂಬಿಕೆ ಬೆಳೆಯುತ್ತದೆ. ಆ ಗುಣ ಹುಟ್ಟಿನಿಂದಲೇ ಬರಬೇಕೆಂದಿಲ್ಲ, ಕಲಿಯಬಹುದು.

ನಿದ್ದೆ ಬರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿದ್ದರೆ ಮಾತ್ರ ಸುಮ್ನೆ ಇರಬೇಡಿ, ವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.