ಆಯಾ ಇಡೋದಾ, ವೃದ್ಧಾಶ್ರಮಕ್ಕೆ ಸೇರಿಸೋದಾ?

ತಾಯಿಗೆ ಲಕ್ವ ಹೊಡೆದಿದೆ, ಮಕ್ಕಳೆಲ್ಲ ಬೆಂಗಳೂರಲ್ಲಿ, ದಾವಣಗೆರೆ ಮನೆಯಲ್ಲಿ ಆಯಾ ಇಡೋದಾ, ವೃದ್ಧಾಶ್ರಮಕ್ಕೆ ಸೇರಿಸೋದಾ, ಯಾವುದಕ್ಕೆ ಖರ್ಚು ಕಮ್ಮಿ ಅಂತ ಕೇಳಿದ್ದೀರಿ. ನಾವು ಎರಡೂ ಮಾಡಿದ್ದೇವೆ. ನಮ್ಮಪ್ಪ ಎರಡು ವರ್ಷ ನಿಟ್ಟುವಳ್ಳಿಯ ಮನೆಯಲ್ಲಿದ್ದರು, ಆಮೇಲೆ ಏಳು ತಿಂಗಳು ಆಶ್ರಮದಲ್ಲಿ.

ಅಮ್ಮ ರಾತ್ರಿ ಎಷ್ಟು ಸಲ ಏಳುತ್ತಾರೆ? ಮೊದಲು ಅದನ್ನು ನೋಡಿ, ಖರ್ಚೆಲ್ಲ ಅದರ ಮೇಲೇ ಇದೆ. ಹಗಲು ಮಾತ್ರ ಸಾಕಾದರೆ ಪಕ್ಕದ ಬೀದಿಯ ಹೆಂಗಸು ಬಂದು ಹೋದರೂ ನಡೆಯುತ್ತದೆ. ರಾತ್ರಿಯೂ ಮಗ್ಗುಲು ಬದಲಿಸಬೇಕು ಅಂದರೆ ಒಬ್ಬರ ಕೈಲಿ ಆಗಲ್ಲ, ಎರಡು ಪಾಳಿ, ಎರಡು ಸಂಬಳ. ನಾವು ಇದನ್ನು ಯೋಚಿಸದೆ ಒಬ್ಬರಿಗೇ ತಿಂಗಳಿಗೆ 18,000 ಅಂತ ಮಾತಾಡಿ ಅಗ್ಗವಾಯ್ತು ಅಂದುಕೊಂಡೆವು. ಏಜೆನ್ಸಿ ಕಮಿಷನ್, ಆಯಾಳ ಊಟ ತಿಂಡಿ, ಡೈಪರ್, ಬೆನ್ನಿಗೆ ಹುಣ್ಣಾಗದಿರಲಿ ಅಂತ ಏರ್ ಬೆಡ್, ಫಿಸಿಯೋ ಎಲ್ಲ ಸೇರಿ ಮೊದಲ ತಿಂಗಳೇ 31,000 ದಾಟಿತು. ದುಗ್ಗಮ್ಮನ ಜಾತ್ರೆಗೆ ಮನೆಗೆ ನೆಂಟರು ಬರ್ತಾರೆ ಅಂತ ನಾಲ್ಕು ದಿನ ರಜೆ ಕೇಳಿ ಹೋದ ಆಯಾ ಹದಿನೈದು ದಿನ ಬರಲಿಲ್ಲ. ನನ್ನ ತಮ್ಮ ತನ್ನ ಕೆಲಸ ಬಿಟ್ಟು ಬಂದು ಕೂತ. ಅವನ ಸಂಬಳ ಕಟ್ಟಾಗಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅದರ ಮಾತು ಈಗಲೂ ಮನೆಯಲ್ಲಿ ಬರುತ್ತದೆ.

ಆಶ್ರಮಗಳಿಗೆ ಫೋನ್ ಮಾಡಿದರೆ ಮೊದಲು ಕೇಳೋದು 'ತಾವೇ ಓಡಾಡ್ತಾರಾ?' ಅಂತ. ಹಾಸಿಗೆ ಹಿಡಿದವರನ್ನು ಎಷ್ಟೋ ಕಡೆ ಸೇರಿಸಿಕೊಳ್ಳುವುದೇ ಇಲ್ಲ. ನಮಗೆ ಸಿಕ್ಕಿದ ಕಡೆ ತಿಂಗಳಿಗೆ 16,000, ಡೈಪರ್ ಔಷಧಿ ಬೇರೆ. ಅಪ್ಪ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಾಗಲೂ ಪೂರ್ತಿ ತಿಂಗಳ ದುಡ್ಡು ತೆಗೆದುಕೊಂಡರು. ಡಿಪಾಸಿಟ್ ವಾಪಸ್ ಬರೋಕೆ ನಾಲ್ಕು ತಿಂಗಳು ಅಲೆದಾಡಿದೆ. ಇದನ್ನೆಲ್ಲ ಮೊದಲೇ ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಸರ್ಕಾರದಿಂದ ಆಯಾ ಸಂಬಳಕ್ಕೆ ಏನಾದರೂ ಬರುತ್ತೆ ಅಂತ ಕಾಯಬೇಡಿ. 70 ದಾಟಿದವರಿಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ಇದೆ, ಆದರೆ ಅದು ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ಅದೂ ಆದಾಯ ಕಮ್ಮಿ ಇರುವವರಿಗೆ. ಡೈಪರಿಗೂ ಸಾಲಲ್ಲ ಬಿಡಿ. ನಿಜವಾಗಿ ಉಪಯೋಗಕ್ಕೆ ಬಂದದ್ದು ಅಂಗವಿಕಲರ ಸರ್ಟಿಫಿಕೇಟ್. ದಾವಣಗೆರೆಯ ಜಿಲ್ಲಾಸ್ಪತ್ರೆ ಚಿಗಟೇರಿಯಲ್ಲಿ ಮಾಡಿಸಿದೆವು. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತ ಬಂದರೆ, ಅವರನ್ನು ಸಾಕುವ ಮಕ್ಕಳು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಆದಾಯದಲ್ಲಿ 75,000 ಕಳೆಯಬಹುದು, 80 ಪರ್ಸೆಂಟ್ ಅಥವಾ ಜಾಸ್ತಿ ಇದ್ದರೆ 1,25,000.

ಇನ್ನೊಂದು, ಅಮ್ಮನ ಹೆಸರಲ್ಲಿ ಮನೆ ಇದ್ದರೆ 'ನಾನು ನೋಡಿಕೊಳ್ತೀನಿ, ನನ್ನ ಹೆಸರಿಗೆ ಮಾಡು' ಅನ್ನೋರಿಗೆ ಸುಮ್ನೆ ದಾನಪತ್ರ ಬರೆಸಿಕೊಡಬೇಡಿ. ನೋಡಿಕೊಳ್ಳಬೇಕು ಅನ್ನೋ ಷರತ್ತು ಪತ್ರದಲ್ಲೇ ಇರಲಿ, ಇದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅದನ್ನು ರದ್ದು ಮಾಡಿಸಬಹುದು. ದುಡ್ಡು ಕೊಡದೆ ಕೈ ತೊಳೆದುಕೊಳ್ಳುವ ಮಕ್ಕಳ ಮೇಲೂ ಅಮ್ಮ ಅದೇ ಕಾಯ್ದೆಯಲ್ಲಿ ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಅರ್ಜಿ ಹಾಕಬಹುದು. ಹೇಗೆ ಏನು ಅಂತ ಕೇಳಲು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ರಾತ್ರಿ ಕಷ್ಟ ಇಲ್ಲದಿದ್ದರೆ ನಾನಾದರೆ ಮನೆಯನ್ನೇ ಆರಿಸುತ್ತೇನೆ. ಆಶ್ರಮವೇ ಅಂತಾದರೆ ಹೇಳದೆ ಕೇಳದೆ ಸಂಜೆ ಏಳರ ಮೇಲೆ ಹೋಗಿ ಒಳಗೆ ಒಂದು ಸುತ್ತು ಹಾಕಿ. ಬೆಳಿಗ್ಗೆ ಹೊತ್ತು ಎಲ್ಲಾ ಕಡೆಯೂ ಫಿನಾಯಿಲ್ ವಾಸನೆಯೇ ಇರುತ್ತದೆ.